ಹುಬ್ಬಳ್ಳಿಯಲ್ಲಿ ಜಪಾನಿ ಊಟ, ಆಮೇಲೆ ಹಾಟ್ ಚಾಕೊಲೇಟ್: ಯಾವುದನ್ನು ಆರಿಸಬೇಕು?

ನಮ್ಮ ಮನೆಯಲ್ಲಿ ತಿಂಗಳಿಗೊಂದು ಸಂಜೆ ಹೊರಗೆ ಊಟ. ತಂಗಿಯ ಮಗಳಿಗೆ ಸುಶಿ ಬೇಕು, ಅಂದರೆ ಹುಳಿ ಅನ್ನದ ಜಪಾನಿ ತುಂಡುಗಳು. ಅಣ್ಣನಿಗೆ ರಾಮೆನ್, ಸಾರಿನಲ್ಲಿ ಬರುವ ನೂಡಲ್ಸ್. ವೈನಿ, ಅಂದರೆ ಅತ್ತಿಗೆ, ಪೂರ್ತಿ ಸಸ್ಯಾಹಾರಿ, ಅವರಿಗೆ ಬಿಸಿಬಿಸಿಯಾಗಿ ಹೊಟ್ಟೆ ತುಂಬುವಂಥದ್ದು ಬೇಕು. ನನಗೆ ಕೊನೆಯಲ್ಲೊಂದು ಒಳ್ಳೆ ಹಾಟ್ ಚಾಕೊಲೇಟ್ ಸಿಕ್ಕರೆ ಸಾಕು.

ಎರಡು ವರ್ಷದಿಂದ ಕೊಪ್ಪೀಕರ್ ರೋಡ್, ದೇಶಪಾಂಡೆ ನಗರ, ವಿದ್ಯಾನಗರ, ಗೋಕುಲ ರೋಡ್ ಅಂತ ಸುತ್ತಿದ್ದೇವೆ. ಜಪಾನಿ ಊಟಕ್ಕೇ ಅಂತ ಇರೋ ಹೋಟೆಲ್ ಹುಡುಕಿಕೊಂಡು ಹೋಗಲಿಲ್ಲ. ಚೈನೀಸ್, ಥಾಯ್, ಕೊರಿಯನ್ ಜೊತೆಗೆ ಒಂದು ಪುಟ ಜಪಾನಿ ತಿಂಡಿಯನ್ನೂ ಇಟ್ಟುಕೊಂಡ ಕೆಫೆಗಳಲ್ಲಿ ತಿಂದಿದ್ದೇವೆ. ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅಡುಗೆಯವರು ಬಿಟ್ಟು ಹೋದರೆ ರುಚಿಯೂ ಅವರ ಹಿಂದೆಯೇ ಹೋಗುತ್ತದೆ. ಮೆನು ಕೈಗೆ ಬಂದಾಗ ಯಾವುದಕ್ಕೆ ಬೆರಳಿಡಬೇಕು, ಏನು ಕೇಳಬೇಕು ಅನ್ನೋದು ಗೊತ್ತಿದ್ದರೆ ಯಾವ ಅಂಗಡಿಯಲ್ಲಾದರೂ ಸಂಜೆ ಚೆನ್ನಾಗಿರುತ್ತದೆ.

ಮೊದಲು ಯಾವುದು?

ಮೊದಲು ಊಟ, ಆಮೇಲೆ ಚಾಕೊಲೇಟ್. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಒಂದು ಸಲ ಉಲ್ಟಾ ಮಾಡಿದೆವು. ಜುಲೈ ತಿಂಗಳು, ಜಿಟಿಜಿಟಿ ಮಳೆ, ಎಲ್ಲರಿಗೂ ಚಳಿ. ಮೊದಲು ಚಾಕೊಲೇಟ್ ಕುಡಿದು ಬೆಚ್ಚಗಾಗೋಣ ಅಂತ ಕೂತೆವು. ಆಮೇಲೆ ಬಂದ ಉಡೋನ್ ಅನ್ನುವ ದಪ್ಪ ನೂಡಲ್ಸಿನ ಸಾರು ಬರೀ ಉಪ್ಪುನೀರು ಅನಿಸಿತು. ಸಾರಿನ ತಪ್ಪಲ್ಲ ಅದು. ಚಾಕೊಲೇಟಿನ ಜಿಡ್ಡು, ಸಿಹಿ ಎರಡೂ ನಾಲಿಗೆಗೆ ಅಂಟಿಕೊಂಡಿದ್ದವು. ಜಪಾನಿ ಅಡುಗೆಯಲ್ಲಿ ನಮ್ಮ ಹಾಗೆ ಒಗ್ಗರಣೆ, ಮಸಾಲೆ, ಕೆಂಪು ಖಾರ ಇಲ್ಲ. ಅದರ ರುಚಿ ಮೆಲ್ಲಗೆ ಮಾತಾಡುತ್ತದೆ. ಅದಕ್ಕೆ ನಾಲಿಗೆ ಖಾಲಿ ಇರಬೇಕು.

ಊಟಕ್ಕೂ ಚಾಕೊಲೇಟಿಗೂ ನಡುವೆ ಅರ್ಧ ಗಂಟೆ ಬಿಡಿ. ಸೋಯಾ ಸಾಸ್, ವಿನೆಗರಿನಲ್ಲಿ ಹಾಕಿದ ಶುಂಠಿ, ವಸಾಬಿ ಅನ್ನುವ ಹಸಿರು ಘಾಟಿನ ಚಟ್ನಿ ಇವೆಲ್ಲ ಬಾಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತವೆ. ದೇಶಪಾಂಡೆ ನಗರದ ಒಳರಸ್ತೆಗಳಲ್ಲಿ ಸುಮ್ನೆ ಒಂದು ಸುತ್ತು ಹಾಕಿ ಬಂದರೆ ಬಾಯೂ ಸರಿಯಾಗುತ್ತದೆ, ಹೊಟ್ಟೆಯಲ್ಲೂ ಜಾಗ ಆಗುತ್ತದೆ.

ಹಾಗಾಗಿ ಎರಡೂ ಒಂದೇ ಕೆಫೆಯಲ್ಲಿ ಸಿಗುತ್ತದೆ ಅಂದರೂ ನಾನು ಎರಡು ಕಡೆ ಹೋಗುತ್ತೇನೆ. ಒಂದೇ ಕಡೆ ಕೂತರೆ ಊಟದ ತಟ್ಟೆ ಎತ್ತುವ ಮೊದಲೇ ಚಾಕೊಲೇಟ್ ಬಂದು ನಿಲ್ಲುತ್ತದೆ. ವಯಸ್ಸಾದವರು ಜೊತೆಗಿದ್ದರೆ, ಮಳೆ ಜೋರಾಗಿದ್ದರೆ ಒಂದೇ ಕಡೆ ಸರಿ. ಆಗ ಚಾಕೊಲೇಟನ್ನು ಊಟ ಮುಗಿದ ಮೇಲೇ ಹೇಳಿ, ಮೊದಲೇ ಬೇಡ.

ಊರ ನಡುವೆಯೋ, ವಿದ್ಯಾನಗರವೋ?

ಕೊಪ್ಪೀಕರ್ ರೋಡ್ ಕಡೆ ಸಂಜೆಯ ಗದ್ದಲವೇ ಒಂದು ಚೆಂದ. ಆದರೆ ಕಾರು ನಿಲ್ಲಿಸೋಕೆ ಜಾಗ ಹುಡುಕುತ್ತಾ ಹಸಿವೇ ಸತ್ತುಹೋಗುತ್ತದೆ. ಆಟೋದಲ್ಲಿ ಹೋಗಿ. ವಿದ್ಯಾನಗರದಲ್ಲಿ ಕಾಲೇಜು ಹುಡುಗರು ಜಾಸ್ತಿ, ತಟ್ಟೆಯ ಬೆಲೆ ಸ್ವಲ್ಪ ಕಡಿಮೆ, ಕೂತು ಮಾತಾಡೋಕೆ ಯಾರೂ ಅವಸರ ಮಾಡುವುದಿಲ್ಲ. ಧಾರವಾಡದಿಂದ ಬರುವವರಿಗೆ ಚಿಗರಿ ಬಸ್ಸಿನಲ್ಲಿ ವಿದ್ಯಾನಗರಕ್ಕೇ ಬಂದು ಇಳಿಯುವುದು ಸುಲಭ. ಭಾನುವಾರ ಸಂಜೆ ಎರಡೂ ಕಡೆ ಬೇಡ. ಅಡುಗೆಮನೆಯಲ್ಲಿ ಅವಸರ ಇದ್ದಾಗ ರಾಮೆನ್ ಎಂಥದ್ದು ಬರುತ್ತದೆ ಅಂತ ಒಮ್ಮೆ ತಿಂದು ನೋಡಿದ್ದೇವೆ. ಮಂಗಳವಾರ, ಬುಧವಾರ ಒಳ್ಳೆಯದು.

ಸಸ್ಯಾಹಾರಿಗಳು ಇದನ್ನು ಓದಲೇಬೇಕು

ಮೊದಲ ವರ್ಷ ನಡೆದಿದ್ದು ಇದು. ವೈನಿಗೆ ಮಿಸೊ ಸೂಪ್ ಹೇಳಿದೆವು, ಸೋಯಾ ಕಾಳು ಹುದುಗಿಸಿದ ಮುದ್ದೆಯಿಂದ ಮಾಡುವುದು. ಮೆನುವಿನಲ್ಲಿ ಹಸಿರು ಚುಕ್ಕಿ ಇತ್ತು. ತೋಫು ಅನ್ನುವ ಸೋಯಾ ಪನೀರ್, ಈರುಳ್ಳಿ ಸೊಪ್ಪು, ನೋಡೋಕೆ ತಿಳಿಸಾರಿನ ಹಾಗೆ. ಎರಡು ಚಮಚ ಕುಡಿದು ವೈನಿ ಚಮಚ ಕೆಳಗಿಟ್ಟರು.

"ಇದ್ರಾಗ ಏನೋ ಐತಿ, ನೋಡ್ರಿ" ಅಂದರು.

ಬಡಿಸುವ ಹುಡುಗನನ್ನು ಕೇಳಿದೆ. ಅವನು ಒಳಗೆ ಹೋಗಿ ಒಂದು ಪ್ಯಾಕೆಟ್ ಹಿಡಿದುಕೊಂಡು ಬಂದ. ದಾಶಿ ಪುಡಿ. ಅದರಲ್ಲಿ ಒಣಮೀನಿನ ಪುಡಿ ಇತ್ತು. ಪಾಪ, ಅವನಿಗೂ ಗೊತ್ತಿರಲಿಲ್ಲ. ಮಾಂಸದ ತುಂಡು ಇಲ್ಲ ಅಂದರೆ ವೆಜ್ ಅಂತಲೇ ಅವನಿಗೆ ಹೇಳಿಕೊಟ್ಟಿದ್ದರು. ವೈನಿ ಜಗಳ ಮಾಡಲಿಲ್ಲ. ಆದರೆ ಆ ಸಂಜೆ ಅವರು ಮತ್ತೇನೂ ತಿನ್ನಲಿಲ್ಲ. ನನಗೆ ಇವತ್ತಿಗೂ ಅದು ಮನಸ್ಸಿನಲ್ಲಿ ಚುಚ್ಚುತ್ತದೆ. ಕೇಳಬೇಕಾದವಳು ನಾನು, ಕೇಳಿರಲಿಲ್ಲ.

ದಾಶಿ ಅಂದರೆ ಏನು ಅಂತ ಆಮೇಲೆ ಕೂತು ತಿಳಿದುಕೊಂಡೆ. ನಮ್ಮಲ್ಲಿ ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬೇಯಿಸಿದ ನೀರನ್ನು ಬಸಿದು ಕಟ್ಟಿನ ಸಾರು ಮಾಡುತ್ತೇವಲ್ಲ, ಆ ಕಟ್ಟು ಇಲ್ಲದೆ ಆ ಸಾರಿಲ್ಲ. ಜಪಾನಿ ಅಡುಗೆಗೆ ದಾಶಿ ಹಾಗೆ. ಸೂಪಿಗೆ, ನೂಡಲ್ಸ್ ಸಾರಿಗೆ, ಟೆಂಪುರಾ ಅನ್ನುವ ಬಜ್ಜಿಯ ಜೊತೆ ಕೊಡುವ ಸಾಸಿಗೆ, ಎಲ್ಲಕ್ಕೂ ಅದೇ ಬುಡ. ಸಾಮಾನ್ಯವಾಗಿ ಅದನ್ನು ಎರಡು ವಸ್ತುಗಳಿಂದ ತೆಗೆಯುತ್ತಾರೆ. ಒಂದು ಕೊಂಬು ಅನ್ನುವ ಸಮುದ್ರದ ಪಾಚಿ. ಇನ್ನೊಂದು ಹೊಗೆಯಲ್ಲಿಟ್ಟು ಒಣಗಿಸಿ ತೆಳ್ಳಗೆ ಹೆರೆದ ಮೀನು. 1908ರಲ್ಲಿ ಕಿಕುನೆ ಇಕೆಡಾ ಅನ್ನುವ ವಿಜ್ಞಾನಿ ಈ ಕೊಂಬುವಿನ ಸಾರಿನಿಂದಲೇ ಗ್ಲುಟಮೇಟ್ ಬೇರೆ ಮಾಡಿ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು.

ಮೀನಿಲ್ಲದ ದಾಶಿಯೂ ಇದೆ. ಜಪಾನಿನ ಬೌದ್ಧ ಮಠಗಳಲ್ಲಿ ಶೋಜಿನ್ ರ್‍ಯೋರಿ ಅನ್ನುವ ಅಡುಗೆ ಪದ್ಧತಿ ಇದೆ. ಅದರಲ್ಲಿ ಮಾಂಸ, ಮೀನು ಇಲ್ಲ. ಕೊಂಬು ಮತ್ತು ಒಣಗಿಸಿದ ಶಿಟಾಕೆ ಅಣಬೆ ನೆನೆಸಿದ ನೀರೇ ಅವರ ದಾಶಿ. ನಮ್ಮ ಊರಿನ ಕೆಲವು ಕೆಫೆಗಳಲ್ಲಿ ಕೇಳಿದರೆ ತರಕಾರಿ, ಅಣಬೆಯ ಸಾರಿನಲ್ಲಿ ಬೇರೆಯಾಗಿ ಮಾಡಿಕೊಡುತ್ತಾರೆ. ನಾವು ಈಗ ಅದನ್ನೇ ಕೇಳುತ್ತೇವೆ.

ಕೇಳುವ ರೀತಿ ಮುಖ್ಯ. "ಇದು ವೆಜ್ಜಾ?" ಅಂತ ಕೇಳಿದರೆ ಹೌದು ಅಂತಾರೆ, ಅಷ್ಟೇ. "ಸಾರು ಯಾವುದರಿಂದ ಮಾಡಿದ್ದು? ಪುಡಿ ಹಾಕಿದ್ದರೆ ಪ್ಯಾಕೆಟ್ ತೋರಿಸ್ತೀರಾ?" ಅಂತ ಕೇಳಿ. ಕರಿದ ಪದಾರ್ಥಕ್ಕೆ ಎಣ್ಣೆ ಬೇರೆ ಇದೆಯಾ ಅಂತ ಕೇಳಿ. ಮೇಯನೇಸ್ ಹಾಕಿದ ಸುಶಿ ರೋಲ್ ಆದರೆ ಮೊಟ್ಟೆ ಇದೆಯಾ ಅಂತ ಕೇಳಿ, ಜಪಾನಿ ಮೇಯನೇಸಿಗೆ ಮೊಟ್ಟೆಯ ಹಳದಿ ಹಾಕುತ್ತಾರೆ. ಒಳ್ಳೆಯ ಅಂಗಡಿಯವರು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ.

ಸುಶಿ, ರಾಮೆನ್, ಉಡೋನ್, ಕಾತ್ಸು ಕರಿ

ಮೊದಲ ಸಲ ಜಪಾನಿ ಊಟ ತಿನ್ನುವವರಿಗೆ ನಾನು ಕಾತ್ಸು ಕರಿ ಹೇಳುತ್ತೇನೆ. ಅನ್ನ, ಅದರ ಪಕ್ಕ ದಪ್ಪನೆಯ ಕಂದು ಗೊಜ್ಜು, ಮೇಲೆ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಪನೀರೋ ತೋಫುವೋ ಚಿಕನ್ನೋ. ಈ ಕರಿ ನಮ್ಮ ದೇಶದ್ದೇ ದೂರದ ನೆಂಟ. ಬ್ರಿಟಿಷರು ಇಲ್ಲಿಂದ ಒಯ್ದ ಕರಿ ಪುಡಿ ಮೇಜಿ ಕಾಲದಲ್ಲಿ, ಅಂದರೆ 1868ರಿಂದ 1912ರ ನಡುವೆ, ಅವರ ಮೂಲಕ ಜಪಾನಿಗೆ ಹೋಯಿತು. ಅಲ್ಲಿ ಗೋಧಿ ಹಿಟ್ಟನ್ನು ಜಿಡ್ಡಿನಲ್ಲಿ ಹುರಿದು ಗೊಜ್ಜನ್ನು ದಪ್ಪ ಮಾಡಿದರು, ಸ್ವಲ್ಪ ಸಿಹಿಯನ್ನೂ ಸೇರಿಸಿದರು. ನಮ್ಮ ಅವ್ವನಂಥವರಿಗೂ ಇದು ಹಿಡಿಸುತ್ತದೆ. ಅವ್ವ ಮೊದಲ ತುತ್ತಿಗೇ "ಖಾರ ಕಡಿಮಿ ಆತು, ಆದ್ರ ಛಲೋ ಐತಿ" ಅಂದಿದ್ದರು. ಈ ಗೊಜ್ಜಿಗೆ ಹಾಕುವ ಸಿದ್ಧ ಕರಿ ತುಂಡುಗಳಲ್ಲಿ ಕೆಲವಕ್ಕೆ ಮಾಂಸದ ಸತ್ವ ಸೇರಿರುತ್ತದೆ, ಅದನ್ನೂ ಕೇಳಿಕೊಳ್ಳಿ.

ಉಡೋನ್ ವೈನಿಯ ಆಯ್ಕೆ, ಈಗೀಗ ನನ್ನದೂ. ಬಿಳಿ, ದಪ್ಪ, ಮೆತ್ತಗಿನ ಎಳೆ. ಗೋಧಿ ಹಿಟ್ಟು, ಉಪ್ಪು, ನೀರು ಇಷ್ಟೇ ಅದರಲ್ಲಿ. ಮನೆಯಲ್ಲಿ ಶ್ಯಾವಿಗೆ ಹೊಸೆದ ಕೈಗಳಿಗೆ ಆ ಹಿಟ್ಟಿನ ಹದ ಕಂಡ ಕೂಡಲೇ ಗೊತ್ತಾಗುತ್ತದೆ. ಹಲ್ಲಿಗೆ ಸಿಕ್ಕಾಗ ಸ್ವಲ್ಪ ಎಳೆದ ಹಾಗೆ ಆಗಬೇಕು, ಮುದ್ದೆಯಾಗಬಾರದು.

ರಾಮೆನ್ ಬೇರೆ ಜಾತಿ. ಅದರ ಎಳೆ ಹಳದಿ ಬಣ್ಣ, ಸ್ಪ್ರಿಂಗಿನ ಹಾಗೆ ಪುಟಿಯುತ್ತದೆ. ಎಷ್ಟೋ ಜನ ಆ ಹಳದಿ ಮೊಟ್ಟೆಯದು ಅಂದುಕೊಳ್ಳುತ್ತಾರೆ. ಕೆಲವು ಎಳೆಗೆ ಮೊಟ್ಟೆ ಹಾಕುವುದುಂಟು, ಆದರೆ ಮುಖ್ಯ ಕಾರಣ ಕಾನ್‌ಸುಯಿ ಅನ್ನುವ ಕ್ಷಾರದ ನೀರು. ಹಪ್ಪಳದ ಹಿಟ್ಟಿಗೆ ನಾವು ಪಾಪಡಖಾರ ಹಾಕುತ್ತೇವಲ್ಲ, ಅದರದ್ದೇ ಬಳಗ. ರಾಮೆನ್ನಿನ ಜೀವ ಅದರ ಸಾರು. ಟೊಂಕೊತ್ಸು ಅಂತ ಬರೆದಿದ್ದರೆ ಹಂದಿಯ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದ ಸಾರು ಅಂತ ಅರ್ಥ. ನಮ್ಮ ಕಡೆ ಜಾಸ್ತಿ ಸಿಗುವುದು ಚಿಕನ್ ಸಾರು. ಬಟ್ಟಲು ಬಂದ ತಕ್ಷಣ ತಿನ್ನಿ. ಫೋಟೋ ತೆಗೆಯುತ್ತಾ ಹತ್ತು ನಿಮಿಷ ಕಳೆದರೆ ಎಳೆ ಸಾರನ್ನೆಲ್ಲ ಹೀರಿ ಊದಿಕೊಳ್ಳುತ್ತದೆ. ಪಾರ್ಸೆಲ್ ಅಂತೂ ಬೇಡವೇ ಬೇಡ. ಸೊರ್ ಅಂತ ಸದ್ದು ಮಾಡಿ ಎಳೆದುಕೊಳ್ಳುವುದು ಅಲ್ಲಿ ತಪ್ಪಲ್ಲ, ಬಿಸಿಯೂ ಆರುತ್ತದೆ, ಘಮವೂ ಮೂಗಿಗೆ ಬರುತ್ತದೆ.

ಇನ್ನು ಸುಶಿ. ಮಕ್ಕಳು ಕೇಳುವುದೇ ಇದನ್ನು. ನಮ್ಮ ಊರಿನಲ್ಲಿ ಸೌತೆಕಾಯಿ ರೋಲ್, ಅವಕಾಡೊ ರೋಲ್, ಬೇಯಿಸಿದ ಸಿಗಡಿಯ ರೋಲ್ ತಿನ್ನಿ. ಹಸಿ ಮೀನಿನದು ನಾನು ಆರಿಸುವುದಿಲ್ಲ. ಹುಬ್ಬಳ್ಳಿಗೆ ಮೀನು ಅಂಕೋಲಾ, ಕಾರವಾರದಿಂದ ಘಟ್ಟ ಹತ್ತಿ ಬರುತ್ತದೆ. ಮನೆಯಲ್ಲಿ ಸಾರು ಮಾಡೋಕೆ ಅದಕ್ಕಿಂತ ಒಳ್ಳೆಯ ಮೀನು ಬೇಡ. ಆದರೆ ಹಸಿಯಾಗಿ ತಿನ್ನುವ ಮೀನಿನಲ್ಲಿ ಪರಾವಲಂಬಿ ಹುಳು ಇರಬಾರದು. ಅದಕ್ಕಾಗಿ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು ಅಂತ ಅಮೆರಿಕದ ಆಹಾರ ಇಲಾಖೆಯ ನಿಯಮ ಹೇಳುತ್ತದೆ. ಆ ತಣ್ಣನೆಯ ಸರಪಳಿ ಎಲ್ಲೂ ಕಡಿದಿಲ್ಲ ಅಂತ ಟೇಬಲ್ಲಿನಲ್ಲಿ ಕೂತ ನಾವು ಹೇಗೆ ತಿಳಿಯೋದು? ತರಕಾರಿ ರೋಲಿನಲ್ಲಿ ಆ ಚಿಂತೆ ಇಲ್ಲ.

ಸುಶಿಯ ಗುಟ್ಟು ಮೀನಿಗಿಂತ ಅನ್ನದಲ್ಲಿದೆ. ಗಿಡ್ಡ ಕಾಳಿನ ಅಂಟು ಅಕ್ಕಿ, ಅದಕ್ಕೆ ವಿನೆಗರ್, ಸಕ್ಕರೆ, ಉಪ್ಪು. ಸೋನಾಮಸೂರಿಯಲ್ಲಿ ಆ ಅಂಟು ಬರುವುದಿಲ್ಲ. ಮೊದಲ ತುಂಡನ್ನು ಬಾಯಿಗಿಟ್ಟಾಗ ಅನ್ನ ಮೈ ಬಿಸಿಯಷ್ಟೇ ಬೆಚ್ಚಗಿರಬೇಕು, ಕಾಳು ಕಾಳಾಗಿ ಮೆಲ್ಲಗೆ ಬಿಡಿಸಿಕೊಳ್ಳಬೇಕು. ತಣ್ಣಗೆ, ಗಟ್ಟಿಯಾಗಿ, ಹಲ್ಲಿಗೆ ಕಲ್ಲಿನ ಹಾಗೆ ಸಿಕ್ಕರೆ ಫ್ರಿಜ್ಜಿನಲ್ಲಿ ಕೂತಿತ್ತು ಅಂತ ಅರ್ಥ. ಅಂಥದ್ದು ಬಂದರೆ ಎರಡನೇ ಪ್ಲೇಟ್ ಹೇಳಬೇಡಿ.

ಟೆಂಪುರಾ ಬಗ್ಗೆ ಒಂದು ಮಾತು. ಮಿರ್ಚಿ ತಿಂದು ಬೆಳೆದ ಊರು ನಮ್ಮದು, ಕರಿದದ್ದರ ಬಗ್ಗೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಇದನ್ನು ಬೇರೆ ಕಣ್ಣಿನಿಂದ ನೋಡಬೇಕು. ಕಡಲೆ ಹಿಟ್ಟಿನ ಬದಲು ಗೋಧಿ ಮೈದಾ, ತಣ್ಣಗಿನ ನೀರು, ಕಲಸಿದ್ದೂ ಕಡಿಮೆ. ಹಾಗಾಗಿ ಹೊದಿಕೆ ತೆಳ್ಳಗೆ, ಒಳಗಿನ ಗೆಣಸು, ಬದನೆ ಕಾಣುವಷ್ಟು. ಈ ಕರಿಯುವ ರೀತಿ ಜಪಾನಿಗೆ 16ನೇ ಶತಮಾನದಲ್ಲಿ ಪೋರ್ಚುಗೀಸರಿಂದ ಬಂತು. ಗ್ಯೋಜಾ ಅಂದರೆ ನಮ್ಮ ಕರ್ಚಿಕಾಯಿಯ ಆಕಾರದ ಕಡುಬು, ತಳ ಮಾತ್ರ ಕೆಂಪಗೆ ಹುರಿದಿರುತ್ತದೆ. ನಾಲ್ಕು ಜನರ ನಡುವೆ ಒಂದು ಪ್ಲೇಟ್ ಇರಲಿ, ಮಾತು ಶುರುವಾಗೋಕೆ ಚೆನ್ನ.

ಚಾಪ್‌ಸ್ಟಿಕ್ ಬಳಸುವವರಿಗೆ: ಅನ್ನದಲ್ಲಿ ಅದನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ಜಪಾನಿನಲ್ಲಿ ಸತ್ತವರ ಮುಂದೆ ಇಡುವ ಅನ್ನಕ್ಕೆ ಹಾಗೆ ಮಾಡುತ್ತಾರೆ. ನಾವೂ ಎಡೆ ಇಡುವಾಗ ಇಂಥ ಎಷ್ಟೋ ನಿಯಮ ಪಾಲಿಸುತ್ತೇವಲ್ಲ, ಅವರದ್ದನ್ನೂ ಪಾಲಿಸೋಣ.

ಹಾಟ್ ಚಾಕೊಲೇಟ್: ಹೆಸರು ಒಂದೇ, ಕಪ್ಪಿನೊಳಗೆ ಬೇರೆಬೇರೆ

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. "ಪುಡಿಯದ್ದಾ, ಸಿರಪ್ಪಿನದ್ದಾ, ಚಾಕೊಲೇಟ್ ಕರಗಿಸಿದ್ದಾ?"

ಸಿರಪ್ ಅಥವಾ ಸಿದ್ಧ ಮಿಕ್ಸ್‌ನಲ್ಲಿ ಮಾಡಿದ್ದು ಬರೀ ಸಿಹಿ ಹಾಲು. ಮೇಲೆ ಕ್ರೀಮ್ ಗೋಪುರ ಕಟ್ಟಿ ಕೊಡುತ್ತಾರೆ. ದುಡ್ಡು ಉಳಿಸಿಕೊಳ್ಳಿ.

ಕೋಕೋ ಪುಡಿಯದ್ದು ತೆಳ್ಳಗೆ, ಘಮ ಜೋರು, ಸ್ವಲ್ಪ ಕಹಿ. ಕೋಕೋ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಜಿಡ್ಡು. ಅದನ್ನು ಒತ್ತಿ ತೆಗೆದು ಉಳಿದ ಹಿಂಡಿಯನ್ನು ಪುಡಿ ಮಾಡುವ ಉಪಾಯ ಹಾಲೆಂಡಿನ ವಾನ್ ಹೌಟನ್ ಮನೆತನದ್ದು, 1828ರಲ್ಲಿ. ಆಮೇಲೆ ಅವರೇ ಪುಡಿಗೆ ಕ್ಷಾರ ಸೇರಿಸಿ ಹುಳಿ ತಗ್ಗಿಸಿದರು, ಬಣ್ಣ ಕಪ್ಪಾಯಿತು. ರಾಮೆನ್ನಿನ ಎಳೆಗೂ ಕೋಕೋ ಪುಡಿಗೂ ಹೀಗೆ ಕ್ಷಾರದ ನಂಟು ಇದೆ ಅಂತ ಗೊತ್ತಾದ ದಿನ ನನಗೆ ತುಂಬ ಖುಷಿಯಾಗಿತ್ತು. ರಾತ್ರಿ ಊಟ ಜಾಸ್ತಿ ಆಗಿದ್ದರೆ ಪುಡಿಯದ್ದೇ ಒಳ್ಳೆಯದು, ಹೊಟ್ಟೆಗೆ ಭಾರ ಆಗುವುದಿಲ್ಲ.

ಚಾಕೊಲೇಟನ್ನೇ ಹಾಲಿನಲ್ಲಿ ಕರಗಿಸಿದ್ದು ನನ್ನ ಆಯ್ಕೆ. ಅದರಲ್ಲಿ ಕೋಕೋ ಬೆಣ್ಣೆ ಇರುತ್ತದೆ, ಹಾಗಾಗಿ ಬಾಯಿ ತುಂಬುತ್ತದೆ. ಗುರುತು ಹಿಡಿಯುವುದು ಹೀಗೆ. ಚಮಚವನ್ನು ಅದ್ದಿ ಮೇಲೆತ್ತಿ, ತಿರುಗಿಸಿ, ಬೆನ್ನಿನ ಮೇಲೆ ಬೆರಳಿಂದ ಒಂದು ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಚಾಕೊಲೇಟ್ ದಪ್ಪನೆಯದು. ಕೂಡಿಕೊಂಡು ಮಾಯವಾದರೆ ತೆಳ್ಳಗಿನದು. ಒಳ್ಳೆಯ ಚಾಕೊಲೇಟ್ ಸ್ವಲ್ಪ ಆರಿದರೆ ಮೇಲೆ ಮಿರುಗುವ ತೆಳುವಾದ ಕೆನೆ ಕಟ್ಟುತ್ತದೆ, ಬಾಸುಂದಿಯ ಮೇಲೆ ಕಟ್ಟುವ ಹಾಗೆ. ಕುಡಿದ ಮೇಲೆ ಅಂಗುಳಕ್ಕೆ ಮೇಣ ಬಳಿದ ಹಾಗೆ ಅನಿಸಿದರೆ ಅದು ಕಾಂಪೌಂಡ್ ಚಾಕೊಲೇಟ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ವನಸ್ಪತಿ ಜಿಡ್ಡು ಇರುತ್ತದೆ, ಬಾಯಿಯ ಬಿಸಿಗೆ ಸರಿಯಾಗಿ ಕರಗುವುದಿಲ್ಲ. ನಾಲ್ಕೈದು ಕಪ್ ಕುಡಿದರೆ ಈ ವ್ಯತ್ಯಾಸ ನಿಮಗೂ ಸಿಗುತ್ತದೆ.

ಕಾರ್ನ್‌ಫ್ಲೋರ್ ಹಾಕಿ ದಪ್ಪ ಮಾಡುವವರೂ ಇದ್ದಾರೆ. ಸ್ಪೇನ್, ಇಟಲಿಯಲ್ಲಿ ಅದು ರೂಢಿ. ಹದವಾಗಿ ಹಾಕಿದರೆ ತಪ್ಪಿಲ್ಲ. ಜಾಸ್ತಿಯಾದರೆ ಅಂಬಲಿ.

ವೈಟ್ ಹಾಟ್ ಚಾಕೊಲೇಟ್‌ನಲ್ಲಿ ಕೋಕೋ ಬೆಣ್ಣೆ ಇದೆ, ಕೋಕೋ ಪುಡಿ ಇಲ್ಲ. ಅದಕ್ಕೆ ಮಾಚಾ ಬೆರೆಸಿ ಕೊಡುವ ಕಡೆ ಮಾತ್ರ ನಾನು ಕುಡಿಯುತ್ತೇನೆ. ಮಾಚಾ ಅಂದರೆ ನೆರಳಿನಲ್ಲಿ ಬೆಳೆಸಿದ ಚಹಾ ಎಲೆಯ ಪುಡಿ. ಅದರ ಕಹಿ ಆ ಸಿಹಿಯನ್ನು ಹಿಡಿದು ನಿಲ್ಲಿಸುತ್ತದೆ.

ಮಕ್ಕಳಿಗೆ ರಾತ್ರಿ ಒಂಬತ್ತರ ಮೇಲೆ ಪೂರ್ತಿ ಕಪ್ ಬೇಡ. ಕೋಕೋದಲ್ಲಿ ಸ್ವಲ್ಪ ಕೆಫೀನ್ ಇದೆ, ಅದರ ಬಳಗದ್ದೇ ಆದ ಥಿಯೊಬ್ರೊಮಿನ್ ಇನ್ನೂ ಜಾಸ್ತಿ. ತಂಗಿಯ ಮಗಳು ಒಂದು ಸಲ ರಾತ್ರಿ ಹನ್ನೆರಡರ ತನಕ ಎದ್ದು ಕೂತಿದ್ದಳು.

ಹೊರಗೆ ಹೋಗೋಕೆ ಆಗದ ದಿನ

ಜಪಾನಿ ಊಟವನ್ನು ಮನೆಯಲ್ಲಿ ಮಾಡುವ ಸಾಹಸ ನಾನು ಹೇಳುವುದಿಲ್ಲ, ಸಾಮಾನು ಹುಡುಕುವುದರಲ್ಲೇ ವಾರ ಹೋಗುತ್ತದೆ. ಚಾಕೊಲೇಟ್ ಮಾತ್ರ ಮನೆಯಲ್ಲೇ ಕೆಫೆಗಿಂತ ಚೆನ್ನಾಗಿ ಆಗುತ್ತದೆ. ಕೋಕೋ ಬೆಳೆಯುವುದೂ ನಮ್ಮ ರಾಜ್ಯದಲ್ಲೇ, ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ. ಕ್ಯಾಂಪ್ಕೊ ಸಹಕಾರ ಸಂಘದ ಚಾಕೊಲೇಟ್ ಕಾರ್ಖಾನೆ 1986ರಿಂದ ಪುತ್ತೂರಿನಲ್ಲಿದೆ. ರೈತರೇ ಸೇರಿ ಕಟ್ಟಿದ ಸಂಘ ಅದು. ನನಗೆ ಆ ಹೆಮ್ಮೆ ಇದೆ.

ಒಂದು ಕಪ್ಪಿಗೆ 200 ಮಿಲಿ ಹಾಲು, 25 ಗ್ರಾಂ ಡಾರ್ಕ್ ಚಾಕೊಲೇಟ್, ಒಂದು ಚಮಚ ಕೋಕೋ ಪುಡಿ, ಚಿಟಿಕೆ ಉಪ್ಪು. ಪುಡಿಯನ್ನು ಮೊದಲು ಎರಡು ಚಮಚ ಬಿಸಿ ಹಾಲಿನಲ್ಲಿ ಗಂಟಿಲ್ಲದೆ ಕಲಸಿ. ಉಳಿದ ಹಾಲು ಹಾಕಿ, ಸಣ್ಣ ಉರಿಯಲ್ಲಿ ಅಂಚಿಗೆ ಗುಳ್ಳೆ ಬರುವ ತನಕ ಕಾಯಿಸಿ. ಉರಿ ಆರಿಸಿ ಚಾಕೊಲೇಟ್ ತುಂಡು ಹಾಕಿ, ಮಜ್ಜಿಗೆ ಕಡೆಯುವ ಕಡಗೋಲಿನಿಂದ ಕಡೆಯಿರಿ. ಮೇಲೆ ಬರುವ ನೊರೆ ನೋಡಿ. ಸಕ್ಕರೆ ಆಮೇಲೆ, ರುಚಿ ನೋಡಿ.

ನಾಲ್ಕು ಜನ ಹೋದರೆ

ನಾನು ಹೇಳುವ ಆರ್ಡರ್ ಇದು. ತರಕಾರಿ ಗ್ಯೋಜಾ ಒಂದು, ಸೌತೆಕಾಯಿ ರೋಲ್ ಒಂದು, ಇವೆರಡನ್ನೂ ಎಲ್ಲರೂ ಹಂಚಿಕೊಂಡು. ಆಮೇಲೆ ಅಣಬೆ ಸಾರಿನ ಉಡೋನ್ ಒಂದು, ಪನೀರ್ ಕಾತ್ಸು ಕರಿ ಒಂದು. ಚಿಕನ್ ತಿನ್ನುವವರಿದ್ದರೆ ಒಂದು ರಾಮೆನ್. ಹೊಟ್ಟೆಯಲ್ಲಿ ಕಾಲು ಭಾಗ ಖಾಲಿ ಬಿಟ್ಟು ಏಳಿ. ಕಳೆದ ತಿಂಗಳು ನಮಗೆ ಊಟಕ್ಕೆ 1,480 ರೂಪಾಯಿ ಆಯಿತು, ಚಾಕೊಲೇಟಿಗೆ 420. ಚಾಕೊಲೇಟ್ ಇಬ್ಬರಿಗೆ ಒಂದರಂತೆ ಸಾಕು. ದಪ್ಪನೆಯದ್ದನ್ನು ಒಬ್ಬರೇ ಮುಗಿಸೋಕೆ ಆಗುವುದಿಲ್ಲ, ಅರ್ಧಕ್ಕೇ ರುಚಿ ಸಾಕೆನಿಸುತ್ತದೆ.

ನಾನೂ ವೈನಿಯೂ ಒಂದು ಕಪ್ ಹಂಚಿಕೊಳ್ಳುತ್ತೇವೆ. ಕೊನೆಗೆ ತಳದಲ್ಲಿ ಕೂತದ್ದನ್ನು ಚಮಚದಿಂದ ಕೆರೆಯುವ ಪಾಳಿ ಯಾವಾಗಲೂ ಅವರದೇ, ನಾನು ಕಪ್ಪನ್ನು ಅವರ ಕಡೆ ಸರಿಸಿಬಿಡುತ್ತೇನೆ.